ಹಳೆಯ ಸಿನಿಮಾ ಮೊದಲ ಸಲ ನೋಡುವವರಿಗೆ: ಒಳ್ಳೆಯ ಪ್ರತಿ ಹುಡುಕುವುದರಿಂದ ಎರಡನೇ ನೋಟದವರೆಗೆ

ಜಪಾನಿನ ನಿರ್ದೇಶಕ ಯಾಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ (1953) ನೋಡಲು ಮೊದಲ ಸಲ ಕೂತಾಗ ನಾನು ಅರ್ಧ ಗಂಟೆಗೇ ಎದ್ದುಬಿಟ್ಟಿದ್ದೆ. ಎರಡನೇ ಸಲ ಮುಕ್ಕಾಲು ಗಂಟೆ ತಡೆದೆ. ಮೂರನೇ ಸಲ ರಾತ್ರಿ ಊಟ ಮುಗಿಸಿ, ದೀಪ ಆರಿಸಿ, ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಕೂತೆ. ಚಿತ್ರ ಮುಗಿದ ಮೇಲೂ ಬಹಳ ಹೊತ್ತು ಏಳಲಾಗಲಿಲ್ಲ. ನೋಡಲು ಬಂದ ವಯಸ್ಸಾದ ತಂದೆ ತಾಯಿಗೆ ಮಕ್ಕಳು ಸಮಯ ಕೊಡದ ಕತೆ ಅದು. ನನ್ನ ಅಪ್ಪ ಅಮ್ಮನಿಗೆ ಆ ವಾರ ಫೋನ್ ಮಾಡಿರಲಿಲ್ಲ ಎನ್ನುವುದು ನೆನಪಾಗಿ ಗಂಟಲು ಕಟ್ಟಿತ್ತು.

ಆ ಮೂರು ರಾತ್ರಿಗಳಲ್ಲಿ ಸಿನಿಮಾ ಒಂದಿಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ನಾನು ನೋಡಿದ ರೀತಿ. ಹಳೆಯ ಚಿತ್ರಗಳನ್ನು ಅರ್ಧಕ್ಕೇ ಬಿಟ್ಟವರ ಜೊತೆ ಮಾತಾಡಿದಾಗಲೆಲ್ಲ ನನಗೆ ಕಂಡದ್ದು ಇದೇ. ಅವರಿಗೆ ರುಚಿಯ ಕೊರತೆ ಇರಲಿಲ್ಲ. ಒಬ್ಬರು ಹಾಳಾದ ಪ್ರತಿ ನೋಡಿದ್ದರು, ಇನ್ನೊಬ್ಬರ ಟಿವಿ ಚಿತ್ರವನ್ನು ಎಳೆದು ಅಗಲ ಮಾಡಿತ್ತು, ಮತ್ತೊಬ್ಬರು ಮೊದಲ ದಿನವೇ ಮೂರೂವರೆ ಗಂಟೆಯ ಚಿತ್ರಕ್ಕೆ ಕೈ ಹಾಕಿದ್ದರು. ಇವೆಲ್ಲ ಸರಿಪಡಿಸಬಹುದಾದ ಸಂಗತಿಗಳು.

ಹೆಜ್ಜೆ 1: ಯಾವುದರಿಂದ ಶುರು ಮಾಡಬೇಕು

‘ಸಾರ್ವಕಾಲಿಕ ಶ್ರೇಷ್ಠ ನೂರು ಚಿತ್ರಗಳು’ ಎಂಬಂಥ ಪಟ್ಟಿ ಹಿಡಿದು ಒಂದನೇ ನಂಬರಿನಿಂದ ಇಳಿಯುತ್ತಾ ಹೋಗಬೇಡಿ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. ಮೊದಲ ಸಲ ಗೆದ್ದದ್ದು ‘ಬೈಸಿಕಲ್ ಥೀವ್ಸ್’. 1962ರಿಂದ 2002ರವರೆಗೆ ಸತತವಾಗಿ ‘ಸಿಟಿಜನ್ ಕೇನ್’. 2012ರಲ್ಲಿ ‘ವರ್ಟಿಗೊ’. ಇದು 1958ರಲ್ಲಿ ತೆರೆಕಂಡಾಗ ಹಲವು ವಿಮರ್ಶಕರು ಮೂಗು ಮುರಿದಿದ್ದ ಚಿತ್ರ. 2022ರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಶಾಂತಾಲ್ ಅಕರ್ಮನ್ ಅವರ ‘ಜಾನ್ ದೀಲ್‌ಮನ್’ (1975): ಒಬ್ಬ ಗೃಹಿಣಿಯ ಮೂರು ದಿನಗಳು, ಆಲೂಗಡ್ಡೆ ಸುಲಿಯುವುದು, ಹಾಸಿಗೆ ಸರಿ ಮಾಡುವುದು, ಒಟ್ಟು 201 ನಿಮಿಷ. ನನಗೆ ಬಹಳ ಇಷ್ಟವಾದ ಚಿತ್ರ ಅದು. ಆದರೆ ನಿಮ್ಮ ಮೊದಲ ಹತ್ತು ಚಿತ್ರಗಳಲ್ಲಿ ಅದು ಇರಬಾರದು.

ಈಗಾಗಲೇ ನಿಮಗೆ ಇಷ್ಟವಿರುವ ಬಗೆಯಿಂದಲೇ ಹೊರಡಿ. ಥ್ರಿಲ್ಲರ್ ಇಷ್ಟವೇ, ‘ಸೈಕೋ’ (1960). ಹಾಸ್ಯ ಬೇಕೇ, ಬಸ್ಟರ್ ಕೀಟನ್ ಅವರ ‘ಶೆರ್ಲಾಕ್ ಜೂನಿಯರ್’ (1924). ಮೂಕಿ ಚಿತ್ರ ಎಂದು ಹಿಂಜರಿಯಬೇಡಿ, ಇರುವುದೇ 45 ನಿಮಿಷ. ಸಿನಿಮಾ ತೋರಿಸುವ ಪ್ರೊಜೆಕ್ಟರ್ ಆಪರೇಟರ್ ಒಬ್ಬ ನಿದ್ದೆಹೋಗಿ, ಕನಸಿನಲ್ಲಿ ಎದ್ದು ನೇರ ಪರದೆಯೊಳಕ್ಕೇ ನಡೆದುಹೋಗುತ್ತಾನೆ. ಮನೆಯವರ ಸಂಬಂಧ, ಬಡತನ, ಮಾನ ಅವಮಾನದ ಕತೆಗಳು ನಿಮ್ಮನ್ನು ಹಿಡಿದಿಡುತ್ತವೆಯಾದರೆ ‘ಬೈಸಿಕಲ್ ಥೀವ್ಸ್’ (1948). ವಾದ ವಿವಾದದ ಚಿತ್ರಗಳು ಇಷ್ಟವಾದರೆ ಸಿಡ್ನಿ ಲ್ಯುಮೆಟ್ ಅವರ ‘ಟ್ವೆಲ್ವ್ ಆಂಗ್ರಿ ಮೆನ್’ (1957).

ಯಾರು ಕೇಳಿದರೂ ನಾನು ಮೊದಲು ಹೇಳುವುದು ಈ ಕೊನೆಯದನ್ನೇ. 96 ನಿಮಿಷ, ಬಹುಪಾಲು ಒಂದೇ ಕೋಣೆ, ಹನ್ನೆರಡು ಜನ. ಲ್ಯುಮೆಟ್ ಮೊದಲ ಭಾಗದಲ್ಲಿ ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿಟ್ಟರು, ನಡುಭಾಗದಲ್ಲಿ ಕಣ್ಣಿನ ಮಟ್ಟಕ್ಕೆ, ಕೊನೆಗೆ ಅದಕ್ಕೂ ಕೆಳಗೆ ಇಳಿಸಿದರು. ಲೆನ್ಸ್‌ಗಳನ್ನೂ ಹಂತಹಂತವಾಗಿ ಬದಲಿಸಿದರು. ಹಾಗಾಗಿ ಹೊತ್ತು ಕಳೆದಂತೆ ಗೋಡೆಗಳು ಹತ್ತಿರ ಬಂದಂತೆ, ಸೂರು ತಲೆಯ ಮೇಲೆ ಕೂತಂತೆ ಆಗುತ್ತದೆ. ಇದು ಗೊತ್ತಿಲ್ಲದೆ ನೋಡಿದವರಿಗೂ ಸೆಖೆ ತಟ್ಟುತ್ತದೆ. ಗೊತ್ತಾದ ಮೇಲೆ ನೋಡಿದರೆ, ಸಿನಿಮಾ ಎಂಬುದು ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲ ಸಲ ಕಣ್ಣಿಗೇ ಕಾಣುತ್ತದೆ.

ಹೆಜ್ಜೆ 2: ಸರಿಯಾದ ಪ್ರತಿಯನ್ನು ಹುಡುಕಿ

ಹೆಚ್ಚಿನವರು ಹಾರಿಬಿಡುವ ಹೆಜ್ಜೆ ಇದು. ಹೊಸ ಸಿನಿಮಾಕ್ಕೆ ಒಂದೇ ರೂಪ ಇರುತ್ತದೆ. ಹಳೆಯದಕ್ಕೆ ಹಾಗಲ್ಲ, ಕತ್ತರಿಸಿದ್ದು, ಮಸುಕಾದದ್ದು, ವೇಗ ತಪ್ಪಿದ್ದು ಎಲ್ಲವೂ ಒಂದೇ ಹೆಸರಿನಲ್ಲಿ ಓಡಾಡುತ್ತಿರುತ್ತವೆ.

ಮುರ್ನೌ ಅವರ ‘ನೊಸ್ಫೆರಾಟು’ (1922) ನೋಡಿ. ಇದು ರಕ್ತ ಹೀರುವ ಪಿಶಾಚಿಯ ಕತೆ, ಬಿಸಿಲು ಬಿದ್ದರೆ ಅವನು ಸತ್ತೇಹೋಗಬೇಕು. ಅಂದಿನ ಫಿಲ್ಮ್‌ಗೆ ಕತ್ತಲಲ್ಲಿ ಚಿತ್ರ ಹಿಡಿಯುವ ಶಕ್ತಿ ಇರಲಿಲ್ಲ. ಆದ್ದರಿಂದ ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದು, ಆಮೇಲೆ ಫಿಲ್ಮಿಗೆ ನೀಲಿ ಬಣ್ಣ ಹಾಕುತ್ತಿದ್ದರು. ನೀಲಿ ಎಂದರೆ ರಾತ್ರಿ ಎಂದು ಪ್ರೇಕ್ಷಕರು ಓದಿಕೊಳ್ಳುತ್ತಿದ್ದರು. ಬಣ್ಣ ಹೋಗಿ ಬರೀ ಕಪ್ಪು-ಬಿಳುಪಾಗಿ ಉಳಿದ ಪ್ರತಿಯಲ್ಲಿ ಅದೇ ಪಿಶಾಚಿ ಶವಪೆಟ್ಟಿಗೆ ಹೊತ್ತು ಹಾಡಹಗಲಲ್ಲಿ ಬೀದಿಯಲ್ಲಿ ನಡೆಯುತ್ತಾನೆ. ನಾನು ಮೊದಲು ನೋಡಿದ್ದು ಅಂಥ ಪ್ರತಿಯನ್ನೇ. ನಿರ್ದೇಶಕರಿಗೆ ಇಷ್ಟೂ ಗೊತ್ತಾಗಲಿಲ್ಲವೇ ಅಂದುಕೊಂಡಿದ್ದೆ. ವರ್ಷಗಳಾದ ಮೇಲೆ ಬಣ್ಣವಿರುವ ರೀಸ್ಟೋರ್ ಪ್ರತಿ (ಹಾಳಾದದ್ದನ್ನು ಸರಿಪಡಿಸಿ ಮೂಲದ ಹಾಗೆ ಮಾಡಿದ್ದು) ನೋಡಿದಾಗ ಆ ನೀಲಿ ಬೀದಿಯನ್ನು ಕಂಡು ಮೈ ಜುಮ್ಮೆಂದಿತು.

ಮೂಕಿ ಚಿತ್ರಗಳಲ್ಲಿ ಎಲ್ಲರೂ ಗೊಂಬೆಗಳ ಹಾಗೆ ದಡಬಡ ಓಡಾಡುತ್ತಾರೆ ಎಂಬ ಕಲ್ಪನೆಯೂ ಕೆಟ್ಟ ಪ್ರತಿಗಳಿಂದಲೇ ಬಂದದ್ದು. ಆಗ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ 16, 18, 20 ಫ್ರೇಮ್ (ಒಂದೊಂದು ಬಿಡಿ ಚಿತ್ರ), ಹೀಗೆ ವೇಗ ಬೇರೆಬೇರೆ ಇರುತ್ತಿತ್ತು. ಮಾತು ಬಂದ ಮೇಲೆ 24 ಎಂದು ನಿಗದಿಯಾಯಿತು. ಹಳೆಯದನ್ನು ಆ 24ರ ವೇಗದಲ್ಲಿ ಓಡಿಸಿದಾಗ ನಡಿಗೆಯೆಲ್ಲ ಓಟವಾಗುತ್ತದೆ. ವೇಗ ಸರಿ ಮಾಡಿದ ಪ್ರತಿಯಲ್ಲಿ ಅವರೂ ನಮ್ಮ ಹಾಗೇ ನಡೆಯುತ್ತಾರೆ.

ಕೆಲವು ಚಿತ್ರಗಳಲ್ಲಂತೂ ಕತೆಯೇ ಕಳೆದುಹೋಗಿತ್ತು. ಫ್ರಿಟ್ಸ್ ಲಾಂಗ್ ಅವರ ‘ಮೆಟ್ರೊಪೊಲಿಸ್’ (1927) ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಕತ್ತರಿಗೆ ಸಿಕ್ಕಿತು. 2008ರಲ್ಲಿ ಬ್ಯೂನಸ್ ಐರಿಸ್‌ನ ಒಂದು ಸಂಗ್ರಹಾಲಯದಲ್ಲಿ ಹೆಚ್ಚುಕಡಿಮೆ ಪೂರ್ತಿಯಾದ ಪ್ರತಿ ಸಿಕ್ಕಿತು, ಸುಮಾರು 25 ನಿಮಿಷದ ದೃಶ್ಯಗಳು ಮರಳಿ ಬಂದವು. 2010ರ ಈ ಪ್ರತಿಯ ಅವಧಿ ಸುಮಾರು 148 ನಿಮಿಷ. ನಿಮ್ಮ ಮುಂದಿರುವುದು ಅದಕ್ಕಿಂತ ಬಹಳ ಚಿಕ್ಕದಾಗಿದ್ದರೆ ಅದು ಹಳೆಯ, ತುಂಡಾದ ರೂಪ. ಅಕಿರಾ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ (1954) 207 ನಿಮಿಷ ಇರಬೇಕು. ‘ಬ್ಲೇಡ್ ರನ್ನರ್’ನಲ್ಲಿ ಮೂರು ಮುಖ್ಯ ರೂಪಗಳಿವೆ: 1982ರಲ್ಲಿ ಬಿಡುಗಡೆಯಾದದ್ದು, 1992ರ ಡೈರೆಕ್ಟರ್ಸ್ ಕಟ್, 2007ರ ಫೈನಲ್ ಕಟ್. ಮೊದಲನೆಯದರಲ್ಲಿ ನಾಯಕನ ವಿವರಣೆಯ ದನಿ ಇದೆ, ಸುಖಾಂತ್ಯವೂ ಇದೆ. ಮುಂದಿನ ಎರಡರಲ್ಲಿ ಅವೆರಡೂ ಇಲ್ಲ. ಫೈನಲ್ ಕಟ್ ನೋಡಿ.

‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಕತೆ ಬೇರೆ. ಕೊನೆ ಗಳಿಗೆಯಲ್ಲಿ ಶೀರ್ಷಿಕೆ ಬದಲಾಯಿಸಿದಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಂತೆ ಚಿತ್ರ ಸಾರ್ವಜನಿಕ ಸ್ವತ್ತಾಯಿತು. ಯಾರು ಬೇಕಾದರೂ ಪ್ರತಿ ಮಾಡಿದ್ದರಿಂದ ಅದು ಎಲ್ಲೆಡೆ ಹರಡಿತು, ಹರಡಿದ್ದರಿಂದಲೇ ಕಲ್ಟ್ ಆಯಿತು, ಅಂದರೆ ಒಂದು ಗುಂಪು ಎತ್ತಿ ಮುದ್ದಾಡುವ ಚಿತ್ರವಾಯಿತು. ಆದರೆ ಉಚಿತವಾಗಿ ಸಿಗುವ ಪ್ರತಿಗಳಲ್ಲಿ ಎಷ್ಟೋ ಕೆಸರು ನೀರಿನ ಹಾಗಿವೆ. ಮೂಲ ನೆಗೆಟಿವ್‌ನಿಂದ ಮಾಡಿದ ರೀಸ್ಟೋರ್ ಪ್ರತಿಯೂ ಇದೆ, ಅದನ್ನೇ ಹುಡುಕಿ.

ಪರೀಕ್ಷೆ ಮಾಡಲು ಐದು ನಿಮಿಷ ಸಾಕು. ಅವಧಿಯನ್ನು ನಂಬಿಕಸ್ಥ ಚಿತ್ರಸಂಗ್ರಹಾಲಯದ ವಿವರದ ಜೊತೆ ಹೋಲಿಸಿ. ನಡುವೆ ಎಲ್ಲಾದರೂ ಒಂದು ನಿಮಿಷ ಓಡಿಸಿ: ಮುಖಗಳಲ್ಲಿ ಕಣ್ಣಿನ ಹೊಳಪು ಕಾಣುತ್ತದೆಯೇ, ಕಪ್ಪು ಬಟ್ಟೆಯ ಮಡಿಕೆ ಕಾಣುತ್ತದೆಯೇ? ಬರೀ ಬೂದಿ ಬಣ್ಣ ಕಂಡರೆ ಬೇರೆ ಪ್ರತಿ ನೋಡಿ. ಹಳೆಯ ಕಪ್ಪು-ಬಿಳುಪು ಚಿತ್ರಕ್ಕೆ ಆಮೇಲೆ ಯಾರೋ ಬಣ್ಣ ಬಳಿದ ರೂಪ ಸಿಕ್ಕರೆ ದಯವಿಟ್ಟು ಬೇಡ. ಛಾಯಾಗ್ರಾಹಕರು ಬೆಳಕನ್ನು ಜೋಡಿಸಿದ್ದು ಕಪ್ಪು ಬಿಳುಪಿಗಾಗಿಯೇ.

ಹೆಜ್ಜೆ 3: ಟಿವಿಯನ್ನು ಪಳಗಿಸಿ

ಹೊಸ ಟಿವಿಗಳಲ್ಲಿ ಚಲನೆಯನ್ನು ನುಣುಪಾಗಿಸುವ ಒಂದು ಸೌಲಭ್ಯ ತಾನಾಗಿಯೇ ಆನ್ ಆಗಿರುತ್ತದೆ. ಕಂಪನಿಗೊಂದು ಹೆಸರು, ಸಾಮಾನ್ಯವಾಗಿ ಅದರಲ್ಲಿ ‘ಮೋಷನ್’ ಎಂಬ ಪದ ಇರುತ್ತದೆ. ಸೆಕೆಂಡಿಗೆ 24 ಫ್ರೇಮ್ ಇರುವ ಚಿತ್ರಕ್ಕೆ ಟಿವಿ ತನ್ನದೇ ಫ್ರೇಮ್‌ಗಳನ್ನು ಹೊಸೆದು ಸೇರಿಸುತ್ತದೆ, ಸಿನಿಮಾ ಧಾರಾವಾಹಿಯ ಹಾಗೆ ಕಾಣತೊಡಗುತ್ತದೆ. ಅದನ್ನು ಆಫ್ ಮಾಡಿ. ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಇದ್ದರೆ ಅದನ್ನೇ ಹಾಕಿ.

ಇನ್ನು ಆಕಾರ. 1953ರಲ್ಲಿ ಅಗಲ ಪರದೆಯ ಸಿನಿಮಾಸ್ಕೋಪ್ ಬರುವ ಮೊದಲು ಬಹುತೇಕ ಚಿತ್ರಗಳು ಹೆಚ್ಚುಕಡಿಮೆ ಚೌಕ, ಅಂದರೆ ಎತ್ತರ 1 ಇದ್ದರೆ ಅಗಲ 1.37. ಟಿವಿಯಲ್ಲಿ ಎರಡೂ ಪಕ್ಕ ಕಪ್ಪು ಪಟ್ಟಿ ಬರುವುದು ಸರಿ, ಬರಲೇಬೇಕು. ಜೂಮ್ ಮಾಡಿದರೆ ತಲೆ, ಪಾದ ಕತ್ತರಿಸಿಹೋಗುತ್ತವೆ. ಎಳೆದರೆ ಎಲ್ಲರೂ ಕುಳ್ಳಗೆ ದಪ್ಪಗೆ ಆಗುತ್ತಾರೆ. ಸಬ್‌ಟೈಟಲ್ ಚಿತ್ರದ ಮಧ್ಯಕ್ಕೆ ಬರದಂತೆ, ಚಿಕ್ಕ ಅಕ್ಷರದಲ್ಲಿ ಇಡಿ. ಡಬ್ ಆದದ್ದಕ್ಕಿಂತ ಮೂಲ ಭಾಷೆಯೇ ಒಳ್ಳೆಯದು, ಪದ ತಿಳಿಯದಿದ್ದರೂ ದನಿಯ ಏರಿಳಿತ ತಿಳಿಯುತ್ತದೆ.

ಹೆಜ್ಜೆ 4: ಕೂರುವ ಮುನ್ನ

ವರ್ಷ, ದೇಶ, ಎಂಥ ಬಗೆಯ ಕತೆ, ಇಷ್ಟು ತಿಳಿದರೆ ಸಾಕು. ಮುನ್ನುಡಿ, ವಿಶ್ಲೇಷಣೆಯ ವಿಡಿಯೊ ಎಲ್ಲ ಆಮೇಲೆ. ‘ಸೈಕೋ’ ಬಿಡುಗಡೆಯಾದಾಗ ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಅದರ ನಿರ್ದೇಶಕ ಹಿಚ್‌ಕಾಕ್ ಪಟ್ಟು ಹಿಡಿದಿದ್ದರು. ಆ ಶಿಸ್ತನ್ನು ಮನೆಯಲ್ಲೂ ಪಾಲಿಸಿ. ಫೋನ್ ಕೈಗೆಟುಕಬಾರದು.

ಒಂದು ಎಚ್ಚರಿಕೆ: ‘2001: ಎ ಸ್ಪೇಸ್ ಒಡಿಸ್ಸಿ’ (1968), ‘ಲಾರೆನ್ಸ್ ಆಫ್ ಅರೇಬಿಯಾ’ (1962) ಇಂಥ ಚಿತ್ರಗಳು ಕೆಲವು ನಿಮಿಷ ಕಪ್ಪು ಪರದೆ ಮತ್ತು ಸಂಗೀತದಿಂದ ಆರಂಭವಾಗುತ್ತವೆ. ಟಿವಿ ಕೆಟ್ಟಿಲ್ಲ, ಮುಂದೆ ಓಡಿಸಬೇಡಿ. ಜನ ತಂತಮ್ಮ ಜಾಗದಲ್ಲಿ ಕೂತು ಗಲಾಟೆ ಅಡಗಲಿ ಎಂದು ಕೊಟ್ಟ ಸಮಯ ಅದು. ಉದ್ದದ ಚಿತ್ರದಲ್ಲಿ ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು ಅನ್ನಿಸಿದರೆ ಚಿತ್ರದವರೇ ಇಟ್ಟ ಮಧ್ಯಂತರದಲ್ಲಿ ನಿಲ್ಲಿಸಿ. ‘ಸೆವೆನ್ ಸಮುರಾಯ್’ನಲ್ಲಿ ಅಂಥದ್ದೊಂದು ಇದೆ.

ಹೆಜ್ಜೆ 5: ಮೊದಲ ಇಪ್ಪತ್ತು ನಿಮಿಷ

ಬೇಸರ ಬರುವುದಾದರೆ ಇಲ್ಲೇ ಬರುತ್ತದೆ. ‘ಇದು ನಿಧಾನ’ ಎಂದು ತೀರ್ಪು ಕೊಡುವ ಮುಂಚೆ ಚಿತ್ರ ತನ್ನ ನಿಯಮಗಳನ್ನು ಹೇಳಿಕೊಡಲು ಬಿಡಿ. ಓಜು ಅವರ ಕ್ಯಾಮೆರಾ ಬಹುಪಾಲು ನೆಲದಿಂದ ಸ್ವಲ್ಪವೇ ಎತ್ತರದಲ್ಲಿರುತ್ತದೆ. ಎರಡು ದೃಶ್ಯಗಳ ನಡುವೆ ಹೊಗೆ ಕೊಳವೆ, ಒಣಗಲು ಹಾಕಿದ ಬಟ್ಟೆ, ಖಾಲಿ ನಡುಮನೆ ಬಂದುಹೋಗುತ್ತವೆ. ಮೊದಮೊದಲು ಏಕೆ ಅನ್ನಿಸುತ್ತದೆ. ಅರ್ಧ ಗಂಟೆಯಲ್ಲಿ ಆ ಖಾಲಿ ಶಾಟ್‌ಗಳಿಗಾಗಿ ಕಾಯತೊಡಗುತ್ತೀರಿ, ಉಸಿರು ಬಿಡುವ ಜಾಗ ಅದು.

ತುಟಿಗೂ ಮಾತಿಗೂ ತಾಳ ತಪ್ಪಿದರೆ ಪ್ರತಿ ಕೆಟ್ಟಿದೆ ಅಂದುಕೊಳ್ಳಬೇಡಿ. ಆ ಕಾಲದ ಇಟಲಿಯ ಚಿತ್ರಗಳಿಗೆ ದನಿಯನ್ನು ಸಾಮಾನ್ಯವಾಗಿ ಆಮೇಲೆಯೇ ಸೇರಿಸುತ್ತಿದ್ದರು. ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ (1966) ಶೂಟಿಂಗ್‌ನಲ್ಲಿ ಒಬ್ಬೊಬ್ಬ ನಟ ತನ್ನ ತನ್ನ ಭಾಷೆಯಲ್ಲೇ ಮಾತಾಡಿದ್ದ.

ಇನ್ನೊಂದು ತೊಡಕು, ‘ಇದನ್ನೆಲ್ಲ ಎಷ್ಟು ಸಿನಿಮಾದಲ್ಲಿ ನೋಡಿಲ್ಲ!’ ಎನ್ನಿಸುವುದು. ಒಂದೇ ಘಟನೆಯನ್ನು ನಾಲ್ವರು ನಾಲ್ಕು ರೀತಿ ಹೇಳುವುದು ಇವತ್ತು ಹಳೆಯ ತಂತ್ರ. 1950ರಲ್ಲಿ ‘ರಾಶೋಮನ್’ ಬಂದಾಗ ಅದು ಪರದೆಯ ಮೇಲೆ ಹೊಚ್ಚಹೊಸದು. ನೀವು ನೋಡಿದ ನಕಲುಗಳಿಗೆ ಮೂಲ ಇದು. ಹಾಗಾಗಿ ತಂತ್ರ ಬಿಟ್ಟು ಬೇರೆಡೆ ಕಣ್ಣು ಹಾಯಿಸಿ: ಎಲೆಗಳ ನಡುವಿನಿಂದ ಕ್ಯಾಮೆರಾ ನೇರ ಸೂರ್ಯನನ್ನೇ ದಿಟ್ಟಿಸುವುದನ್ನು ನೋಡಿ. ಅದನ್ನು ನಕಲು ಮಾಡಿದವರು ಎಷ್ಟೋ ಮಂದಿ, ಆದರೂ ಆ ಕಾಡಿನ ಬೆಳಕು ಯಾರಿಗೂ ಸಿಕ್ಕಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಹೆಜ್ಜೆ 6: ಕಣ್ಣು ಎಲ್ಲಿರಬೇಕು, ಕಿವಿ ಎಲ್ಲಿರಬೇಕು

ಇಂದಿನ ಚಿತ್ರಗಳಲ್ಲಿ ಕಟ್, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಜಿಗಿತ, ಬಹಳ. ಏನು ನೋಡಬೇಕೋ ಅದನ್ನೇ ದೊಡ್ಡದಾಗಿ ತೋರಿಸಿಬಿಡುತ್ತಾರೆ. ಹಳೆಯ ದೊಡ್ಡ ನಿರ್ದೇಶಕರು ಎಷ್ಟೋ ಸಲ ಒಂದೇ ಶಾಟ್‌ನಲ್ಲಿ ಎಲ್ಲವನ್ನೂ ಇಟ್ಟು ಆಯ್ಕೆಯನ್ನು ನಮಗೆ ಬಿಡುತ್ತಾರೆ. ‘ಸಿಟಿಜನ್ ಕೇನ್’ನಲ್ಲಿ (1941) ಹುಡುಗನೊಬ್ಬ ಹಿಮದಲ್ಲಿ ಆಡುತ್ತಿರುತ್ತಾನೆ. ಕ್ಯಾಮೆರಾ ಹಿಂದಕ್ಕೆ ಸರಿದಾಗ ನಾವು ಮನೆಯೊಳಗಿದ್ದೇವೆ, ಹುಡುಗ ಕಿಟಕಿಯಾಚೆ ಇದ್ದಾನೆ ಎಂದು ತಿಳಿಯುತ್ತದೆ. ಕ್ಯಾಮೆರಾ ಇನ್ನೂ ಹಿಂದೆ ಬಂದು ಮೇಜಿನ ಹತ್ತಿರ ನಿಲ್ಲುತ್ತದೆ. ಮುಂದೆ ತಾಯಿ ಮತ್ತು ಬ್ಯಾಂಕಿನವನು ಕಾಗದಕ್ಕೆ ಸಹಿ ಮಾಡಲು ಕೂತಿದ್ದಾರೆ. ನಡುವೆ ತಂದೆ ನಿಂತು ಆಕ್ಷೇಪ ಎತ್ತುತ್ತಿದ್ದಾನೆ. ದೂರದಲ್ಲಿ, ಕಿಟಕಿಯ ಚೌಕಟ್ಟಿನೊಳಗೆ, ಇನ್ನು ತನ್ನ ಬದುಕೇ ಬೇರೆಯವರ ಕೈಗೆ ಹೋಗಲಿದೆ ಎಂದು ತಿಳಿಯದ ಹುಡುಗ ಕೂಗಾಡುತ್ತಾ ಆಡುತ್ತಿದ್ದಾನೆ. ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಮೂರನ್ನೂ ಸ್ಪಷ್ಟವಾಗಿ ಫೋಕಸ್‌ನಲ್ಲಿ ಇಟ್ಟಿದ್ದಾರೆ. ಮಾತೆಲ್ಲ ಮುಂದೆ ನಡೆಯುತ್ತದೆ, ನೋವೆಲ್ಲ ಹಿಂದೆ ಇದೆ. ಮಾತಾಡುವವರನ್ನು ಮಾತ್ರ ನೋಡಿದವರಿಗೆ ಅರ್ಧ ದೃಶ್ಯ ಸಿಗುವುದೇ ಇಲ್ಲ. ಹಾಗಾಗಿ ಅಭ್ಯಾಸ ಮಾಡಿಕೊಳ್ಳಿ: ಶಾಟ್ ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ, ಮೂಲೆಗಳನ್ನು ನೋಡಿ, ಹಿನ್ನೆಲೆಯನ್ನು ನೋಡಿ.

ಕಿವಿಯ ಪಾಠಕ್ಕೆ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955). ಅಕ್ಕ ದುರ್ಗಾ, ತಮ್ಮ ಅಪು ಮನೆಯಿಂದ ದೂರ, ಆಳೆತ್ತರದ ಬಿಳಿ ಹೂವಿನ ಹುಲ್ಲುಗಾವಲಿಗೆ ಬರುತ್ತಾರೆ. ಮೊದಲು ಕೇಳುವುದು ಒಂದು ಗುಂಯ್‌ಗುಡುವ ಸದ್ದು. ತಂತಿ ಕಂಬದ್ದು. ಅವರು ಕಂಬಕ್ಕೆ ಕಿವಿ ಇಟ್ಟು ಕೇಳುತ್ತಾರೆ. ರೈಲು ಇನ್ನೂ ಕಂಡಿಲ್ಲ, ಆದರೆ ಹೊರಗಿನ ದೊಡ್ಡ ಜಗತ್ತು ಆ ಸದ್ದಿನಲ್ಲಿ ಆಗಲೇ ಬಂದುಬಿಟ್ಟಿದೆ. ಆಮೇಲೆ ಹೂವಿನ ತಲೆಗಳ ಮೇಲೆ ಕಪ್ಪು ಹೊಗೆ, ಓಟ. ಓಡುವಾಗ ದುರ್ಗಾ ಎಡವಿ ಬೀಳುತ್ತಾಳೆ, ಹಳಿಯ ಹತ್ತಿರ ತಲುಪುವವನು ಅಪು ಮಾತ್ರ. ಮುಂದಿನ ಕತೆ ಗೊತ್ತಾದ ಮೇಲೆ ಆ ಎಡವುವಿಕೆ ನೆನಪಾಗಿ ಎದೆ ಹಿಂಡುತ್ತದೆ. ಮೊದಲ ದಿನದ ಚಿತ್ರೀಕರಣ ಮುಗಿಸಿ ವಾರದ ಮೇಲೆ ಮರಳಿ ಬಂದರೆ ದನಗಳು ಆ ಹೂಗಳನ್ನೆಲ್ಲ ಮೇದುಬಿಟ್ಟಿದ್ದವಂತೆ. ಹೂ ಮತ್ತೆ ಅರಳುವವರೆಗೆ ಕಾದು, ಮುಂದಿನ ಋತುವಿನಲ್ಲಿ ದೃಶ್ಯ ಮುಗಿಸಿದರು. ಈ ಚಿತ್ರದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನಲ್ಲಿ ಬೆಂಕಿಗೆ ಸಿಕ್ಕವು. ಸುಟ್ಟುಳಿದ ಸುರುಳಿಗಳನ್ನು ಕೈಯಿಂದ ಸರಿಪಡಿಸಿ, ಬೇರೆ ಪ್ರತಿಗಳಿಂದ ಉಳಿದದ್ದನ್ನು ತುಂಬಿ 2015ರಲ್ಲಿ ಹೊಸ ಪ್ರತಿ ಹೊರತಂದರು. ನೋಡಬೇಕಾದದ್ದು ಅದು.

ಹೆಜ್ಜೆ 7: ಕಲ್ಟ್ ಚಿತ್ರಗಳಿಗೆ ಬೇರೆ ರೀತಿ

ಕ್ಲಾಸಿಕ್ ಅನ್ನು ಒಬ್ಬರೇ ನೋಡಬಹುದು. ಕಲ್ಟ್ ಚಿತ್ರಕ್ಕೆ ಜನ ಬೇಕು. ಬಿಡುಗಡೆಯಾದಾಗ ಸೋತು ಅಥವಾ ಯಾರ ಕಣ್ಣಿಗೂ ಬೀಳದೆ, ಆಮೇಲೆ ಒಂದು ಗುಂಪು ಎತ್ತಿ ಮುದ್ದಾಡಿದ ಚಿತ್ರಗಳನ್ನೇ ಹೆಚ್ಚಾಗಿ ಹಾಗೆ ಕರೆಯುವುದು. ‘ದಿ ರಾಕಿ ಹಾರರ್ ಪಿಕ್ಚರ್ ಶೋ’ 1975ರಲ್ಲಿ ನೆಲಕಚ್ಚಿತು. 1976ರಲ್ಲಿ ನ್ಯೂಯಾರ್ಕಿನ ವೇವರ್ಲಿ ಚಿತ್ರಮಂದಿರದಲ್ಲಿ ನಡುರಾತ್ರಿಯ ಪ್ರದರ್ಶನ ಶುರುವಾದಾಗ ಪ್ರೇಕ್ಷಕರು ಪಾತ್ರಗಳ ವೇಷ ಹಾಕಿಕೊಂಡು ಬರತೊಡಗಿದರು, ಪರದೆಯ ಕಡೆ ಉತ್ತರ ಕೂಗತೊಡಗಿದರು. ಮನೆಯಲ್ಲಿ ಒಬ್ಬರೇ ಕೂತು ನೋಡಿದರೆ ಇಷ್ಟೇನಾ ಅನ್ನಿಸುವುದು ಸಹಜ. ಮೂರ್ನಾಲ್ಕು ಗೆಳೆಯರನ್ನು ಸೇರಿಸಿಕೊಳ್ಳಿ, ಅವರಲ್ಲಿ ಒಬ್ಬರಾದರೂ ಆ ಚಿತ್ರವನ್ನು ಮನಸಾರೆ ಪ್ರೀತಿಸುವವರಿರಲಿ. ಕೆಟ್ಟದಾಗಿ ತೆಗೆದ ಚಿತ್ರವಾದರೂ ಅಣಕಿಸಲೆಂದೇ ಕೂರಬೇಡಿ. ಆ ಚಿತ್ರಗಳು ಉಳಿದಿರುವುದು ತೆಗೆದವರು ಪೂರ್ತಿ ನಂಬಿ ತೆಗೆದದ್ದರಿಂದ. ಆ ನಂಬಿಕೆ ಕಾಣಿಸಿದರೆ ನಗುವಿನ ಜೊತೆ ಅಕ್ಕರೆಯೂ ಬರುತ್ತದೆ.

ಹೆಜ್ಜೆ 8: ಮನಸ್ಸಿಗೆ ಚುಚ್ಚುವುದು ಬಂದಾಗ

ಬರುತ್ತದೆ. ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ನಲ್ಲಿ (1961) ಬಿಳಿಯ ನಟನೊಬ್ಬ ಹಲ್ಲು ಕಟ್ಟಿಸಿಕೊಂಡು ಜಪಾನಿಯವನಾಗಿ ಗೇಲಿಯ ಪಾತ್ರ ಮಾಡಿದ್ದಾನೆ. ‘ದಿ ಬರ್ತ್ ಆಫ್ ಎ ನೇಷನ್’ (1915) ಕರಿಯರನ್ನು ಕೊಂದ ಸಂಘಟನೆಯನ್ನೇ ವೀರರೆಂದು ತೋರಿಸುತ್ತದೆ. ‘ಆ ಕಾಲ ಹಾಗಿತ್ತು’ ಎಂದು ನುಂಗಿಕೊಳ್ಳಬೇಕಿಲ್ಲ, ಅಂದೂ ಇದನ್ನು ವಿರೋಧಿಸಿ ಬೀದಿಗಿಳಿದವರಿದ್ದರು. ನೋಡದೆ ಬಿಡುವ ಹಕ್ಕು ನಿಮಗಿದೆ. ನೋಡಿದರೆ, ಕೋಪವನ್ನೂ ನೋಡಿದ್ದರ ಭಾಗವಾಗಿ ಇಟ್ಟುಕೊಳ್ಳಿ.

ಹೆಜ್ಜೆ 9: ಮುಗಿದ ಮೇಲೆ

ಅಂಕ ಕೊಡುವ ಆತುರ ಬೇಡ. ಒಂದು ಪುಸ್ತಕದಲ್ಲಿ ದಿನಾಂಕ, ಚಿತ್ರದ ಹೆಸರು, ಕಣ್ಣಲ್ಲಿ ಉಳಿದ ಒಂದೇ ಒಂದು ದೃಶ್ಯ ಬರೆದಿಡಿ. ಮರುದಿನ ಬೇಕಾದರೆ ವಿಮರ್ಶೆ ಓದಿ. ಮುಂದಿನ ಚಿತ್ರವನ್ನು ಪಟ್ಟಿ ನೋಡಿ ಆರಿಸುವ ಬದಲು ಎಳೆ ಹಿಡಿದು ಹೋಗಿ: ‘ಸೆವೆನ್ ಸಮುರಾಯ್’ ನೋಡಿದವರು ಅದನ್ನೇ ಅಮೆರಿಕದ ಗಡಿನಾಡಿಗೆ ಒಯ್ದ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (1960) ನೋಡಬಹುದು. ಇಲ್ಲವೇ ಅದೇ ಕುರೊಸಾವಾ ಅವರ ‘ಯೊಜಿಂಬೊ’ (1961), ಅಲ್ಲಿಂದ ಅದರ ಕತೆಯನ್ನೇ ಎತ್ತಿಕೊಂಡ ಸರ್ಜಿಯೊ ಲಿಯೋನಿ ಅವರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964). ಹೀಗೆ ಮೂರು ಚಿತ್ರ ದಾಟುವಷ್ಟರಲ್ಲಿ ನಿಮ್ಮದೇ ಒಂದು ದಾರಿ ಆಗಿರುತ್ತದೆ.

ಇಷ್ಟವಾದ ಒಂದನ್ನು ಆರು ತಿಂಗಳು ಬಿಟ್ಟು ಮತ್ತೆ ನೋಡಿ. ಮೊದಲ ಸಲ ‘ಮುಂದೇನು’ ಎಂಬುದರ ಹಿಂದೆ ಓಡಿದ ಕಣ್ಣು ಎರಡನೇ ಸಲ ಬಿಡುವಾಗಿರುತ್ತದೆ. ‘ಸಿಟಿಜನ್ ಕೇನ್’ನ ಅದೇ ಹಿಮದ ದೃಶ್ಯವನ್ನು ಎರಡನೇ ಸಲ ನೋಡುವಾಗ ನನ್ನ ಕಣ್ಣಿಗೆ ಬಿದ್ದದ್ದು ಕಿಟಕಿ. ಹಣದ ಮಾತು ಕೇಳಿದ ಮೇಲೆ ತಂದೆ ಹೋಗಿ ಅದನ್ನು ಮುಚ್ಚುತ್ತಾನೆ, ಹುಡುಗನ ದನಿ ನಿಂತುಹೋಗುತ್ತದೆ. ಸಹಿ ಮುಗಿಸಿದ ತಾಯಿ ಎದ್ದು ಬಂದು ಅದನ್ನು ಮತ್ತೆ ತೆರೆಯುತ್ತಾಳೆ, ತಣ್ಣಗಿನ ಗಾಳಿಗೆ ಮುಖ ಕೊಟ್ಟು ನಿಂತು, ಮಗನ ಹೆಸರು ಕೂಗುತ್ತಾಳೆ.